ಸುತ್ತಿಗೆ ಹೇಳಿದ್ದು, ಪೆನ್ನು ಬರೆದದ್ದು

ಒಂಬತ್ತನೆಯ ಕಂತು

“ಹಳದಿ ಇರಬೇಕಿತ್ತು ಮೇಡಂ. ಇದು ನೀಲಿ.”

ಅಷ್ಟು ಹೇಳಿ ಗುಬ್ಬಿ ಕೈ ಹಿಂದಕ್ಕೆ ಎಳೆದುಕೊಂಡಳು. ಸೇತುವೆಯ ಅಡಿಯಿಂದ ಕಳಚಿ ಬಿದ್ದು ಸೈಕಲ್ ರಿಪೇರಿಯವನ ಕಾಲು ಜಜ್ಜಿದ್ದ ಕಾಂಕ್ರೀಟ್ ಹೆಂಟೆ ನಮ್ಮಿಬ್ಬರ ನಡುವೆ ಗೋಣಿಚೀಲದ ಮೇಲಿತ್ತು. ಹನ್ನೊಂದು ದಿನಗಳಲ್ಲಿ ಅದನ್ನು ನೋಡದವರಿಲ್ಲ, ತೂಗದವರಿಲ್ಲ, ಫೋಟೋ ತೆಗೆಯದವರಿಲ್ಲ. ಮಗುಚಿ ತೊಳೆದು ನೋಡುವ ಬುದ್ಧಿ ಮಾತ್ರ ಯಾರಿಗೂ ಬಂದಿರಲಿಲ್ಲ. ನನಗೂ ಬಂದದ್ದು ಆ ದಿನ ಬೆಳಿಗ್ಗೆಯೇ.

ಧೂಳು ಹೋದ ಕೂಡಲೇ ಕಂಡಿತು. ಮೇಣದ ಬಳಪದಲ್ಲಿ ಎಳೆದ ಅರ್ಧ ಸುತ್ತು. ತಲೆಯೆತ್ತಿ ನೋಡಿದರೆ ಉಳಿದರ್ಧ ಮೇಲೆಯೇ ಇತ್ತು, ತುಕ್ಕು ಹಿಡಿದ ಕಂಬಿಗಳ ಪಕ್ಕದಲ್ಲಿ.

ಕಾಂಕ್ರೀಟನ್ನು ಸುತ್ತಿಗೆಯವರು ತಟ್ಟಿ ನೋಡುತ್ತಾರೆ, ನಾವು ಮಡಕೆ ಕೊಳ್ಳುವಾಗ ತಟ್ಟಿ ನೋಡುವ ಹಾಗೆ. ಗಟ್ಟಿಯಿದ್ದರೆ ಠಣ್ ಎನ್ನುತ್ತದೆ. ಒಳಗೆ ಪದರ ಬಿಟ್ಟುಕೊಂಡಿದ್ದರೆ ಡೊಬ್ ಎನ್ನುತ್ತದೆ. ಟೊಳ್ಳು ಸಿಕ್ಕಲ್ಲಿ ಸುತ್ತಿಗೆಯವರು ಹಳದಿ ಬಳಪದಿಂದ ಸುತ್ತು ಹಾಕಿ, ಪಕ್ಕದಲ್ಲಿ ಬರೆದುಕೊಳ್ಳುವವರಿಗೆ ಕೂಗಿ ಹೇಳುತ್ತಾರೆ. ನೀಲಿ ಬಳಪ ಇರುವುದು ಬರೆದುಕೊಳ್ಳುವವರ ಹತ್ತಿರ, ತೊಲೆಗಳಿಗೆ ನಂಬರು ಹಾಕುವುದಕ್ಕೆ.

ಎಂಟು ತಿಂಗಳ ಹಿಂದೆ ಈ ಸೇತುವೆಯನ್ನು ತಪಾಸಣೆ ಮಾಡಿದವರು ಇಬ್ಬರೇ. ಸುತ್ತಿಗೆ ಹಿಡಿದದ್ದು ಐದು ಜಿಲ್ಲೆಯವರೂ ಮೇಷ್ಟ್ರು ಎಂದು ಕರೆಯುವ ಹಿರಿಯರು. ಪೆನ್ನು ಹಿಡಿದದ್ದು ಗುಬ್ಬಿ. ಹಾಳೆಯಲ್ಲಿ ‘ಎಲ್ಲೂ ಟೊಳ್ಳಿಲ್ಲ’ ಎಂದು ಅವಳ ದುಂಡು ಅಕ್ಷರದಲ್ಲಿ ಬರೆದಿತ್ತು. ನಮ್ಮ ತನಿಖಾ ವಿಭಾಗದ ದೊಡ್ಡ ಸಾಹೇಬರು ಅಂದು ಸಂಜೆ ಐದಕ್ಕೆ ವರದಿ ಕೇಳಿದ್ದರು, ವರದಿಯಲ್ಲಿ ಒಂದು ಹೆಸರು ಕೇಳಿದ್ದರು. ಹೆಸರು ಬಿದ್ದವರಿಗೆ ಕೆಲಸವೂ ಹೋಗುತ್ತದೆ, ಪೊಲೀಸ್ ಕೇಸೂ ಆಗುತ್ತದೆ.

ಆ ಮೇಷ್ಟ್ರು ನನ್ನ ಸೋದರಮಾವ. ತನಿಖೆ ನನ್ನ ಕೈಗೆ ಬಂದ ದಿನವೇ ಹೇಳಿ, ಫೈಲು ವಾಪಸು ಕೊಡಬೇಕಾಗಿತ್ತು. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಂಡು ಹನ್ನೊಂದು ದಿನ ನುಂಗಿಕೊಂಡು ಕೂತಿದ್ದೆ. ಊರವರ ಸುಳ್ಳು ಹಿಡಿಯುವುದು ನನ್ನ ಕೆಲಸ, ನೋಡಿ.

“ನೀಲಿ ಬಳಪ ಆವತ್ತು ಯಾರ ಹತ್ರ ಇತ್ತು?” ಎಂದೆ.

“ನನ್ನ ಹತ್ರಾನೇ.”

ಗುಬ್ಬಿ ಎನ್ನುವುದು ಅವಳ ಹೆಸರಲ್ಲ. ನೆರೆಜಿಲ್ಲೆಯ ಸೇತುವೆ ಕಚೇರಿಯಲ್ಲಿ ಕಿರಿಯ ಎಂಜಿನಿಯರು. ಸಣ್ಣ ಮೈ, ಚುರುಕು ಕಾಲು, ಸಂದಿಗೊಂದಿಯಲ್ಲಿ ನುಗ್ಗಿ ಹೊರಬರುವ ಅಭ್ಯಾಸ ನೋಡಿ ಜೊತೆಯವರು ಇಟ್ಟ ಹೆಸರು ಅದು. ಆ ಬೆಳಿಗ್ಗೆ ಮಾತ್ರ ಅವಳು ಹಾರುವ ಸ್ಥಿತಿಯಲ್ಲಿರಲಿಲ್ಲ. ಕಂಬಕ್ಕೆ ಒರಗಿ, ಕಾಲ ಬುಡದ ಜಲ್ಲಿಯನ್ನೇ ನೋಡುತ್ತ ನಿಂತಿದ್ದಳು.

“ಮೇಷ್ಟ್ರು ಬಡಿದ್ರು. ನನಗೆ ಡೊಬ್ ಅಂತ ಕೇಳಿಸ್ತು. ಅವರು ಗಟ್ಟಿ ಅಂದ್ರು.”

“ನೀನೇನು ಮಾಡಿದೆ?”

“ಗಟ್ಟಿ ಅಂತ ಬರ್ಕೊಂಡೆ.”

ಇದು ನಿಮಗೆ ಹುಚ್ಚಾಟ ಅನ್ನಿಸಬಹುದು. ಕೇಳಿಸಿದ್ದು ಒಂದು, ಬರೆದದ್ದು ಇನ್ನೊಂದು. ಆದರೆ ಸೇತುವೆ ಕೂಟದಲ್ಲಿ ಅದೇ ಕಾನೂನು. ಐದು ಜಿಲ್ಲೆಗಳ ಎಂಜಿನಿಯರುಗಳು ಹದಿನಾಲ್ಕು ವರ್ಷದ ಹಿಂದೆ ಸೇರಿ ಈ ಕೂಟ ಕಟ್ಟಿದರು. ಹೆತ್ತವರಿಗೆ ಹೆಗ್ಗಣ ಮುದ್ದು. ತಾನು ಸಾಕಿದ ಸೇತುವೆಯ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಒಂದು ಜಿಲ್ಲೆಯ ಸೇತುವೆಯನ್ನು ಪಕ್ಕದ ಜಿಲ್ಲೆಯವರು ತಟ್ಟಿ ನೋಡಬೇಕು. ಸೇತುವೆಯ ಅಡಿಗೆ ಕೈ ಚಾಚಿ ಜನರನ್ನು ಇಳಿಸುವ ಲಾರಿ ಐದೂ ಜಿಲ್ಲೆಗೆ ಸೇರಿ ಒಂದೇ ಒಂದು. ಅದಕ್ಕೆ ತೊಟ್ಟಿಲು ಎನ್ನುತ್ತಾರೆ. ವರ್ಷಕ್ಕೆರಡು ಸಭೆ. ಮೊದಲು ಟೀ, ಆಮೇಲೆ ತೊಟ್ಟಿಲು ಯಾರ ಪಾಲಿಗೆ ಎಷ್ಟು ದಿನ ಎಂಬ ಜಗಳ, ಕೊನೆಗೆ ಮೇಷ್ಟ್ರ ಮಾತು, ಚಪ್ಪಾಳೆ.

ಶುರುವಿನ ವರ್ಷಗಳಲ್ಲಿ ಬರೆದುಕೊಳ್ಳುವವರು ಪಕ್ಕದವರ ಮುಖ ನೋಡಿ ‘ಟೊಳ್ಳು’ ಎಂಬುದನ್ನು ‘ಸ್ವಲ್ಪ ಟೊಳ್ಳು’ ಮಾಡುತ್ತಿದ್ದರಂತೆ. ಆಗ ಮೇಷ್ಟ್ರೇ ಎದ್ದು ನಿಂತು ಒಂದು ನಿಯಮ ಹಾಕಿಸಿದರು. ಸುತ್ತಿಗೆ ಹೇಳಿದ್ದನ್ನೇ ಪೆನ್ನು ಬರೆಯಬೇಕು, ಪೆನ್ನಿಗೆ ಸ್ವಂತ ಬುದ್ಧಿ ಇರಬಾರದು. ಒಳ್ಳೆಯ ನಿಯಮ. ನಮ್ಮ ಮಾವನೇ ಮಾಡಿದ್ದು ಎಂದು ಚಿಕ್ಕವಳಿದ್ದಾಗ ನಾನು ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಗುಬ್ಬಿ ನಿಯಮ ಮುರಿಯಲಿಲ್ಲ. ಮೇಷ್ಟ್ರು ಮುಂದಿನ ತೊಲೆಯ ಕಡೆ ತಿರುಗಿದಾಗ, ಬೆನ್ನ ಹಿಂದೆ ಸದ್ದಿಲ್ಲದೆ ನೀಲಿ ಬಳಪ ತೆಗೆದು ಸುತ್ತು ಎಳೆದಳು. ರಿಪೇರಿಗೆ ಬಂದವರು ನೋಡಿ ಇನ್ನೊಮ್ಮೆ ತಟ್ಟಿಯಾರು ಎಂದು ಅವಳ ಆಸೆ. ರಿಪೇರಿಯವರು ಬಂದರು, ನೋಡಿಯೂ ನೋಡಿದರು. ಹಿಂದಿನ ವಾರ ನಾನು ಅನುಮಾನಪಟ್ಟು ಬೆವರಿಳಿಸಿದ್ದ ಗುತ್ತಿಗೆದಾರ ಅದನ್ನು ಒಪ್ಪಿಕೊಂಡಿದ್ದ. ನೀಲಿ ಅಂದರೆ ನಂಬರು, ಅದೇನೋ ಅಳಿಸಿದ ಸೊನ್ನೆ ಇರಬೇಕು, ಹಾಳೆಯಲ್ಲಿ ಇಲ್ಲದ ಕೆಲಸಕ್ಕೆ ತಾನೇಕೆ ಕೈ ಹಾಕಲಿ ಎಂದಿದ್ದ. ಆಗ ಆ ಮಾತು ನನ್ನ ತಲೆಗೆ ಹೋಗಿರಲಿಲ್ಲ.

“ಮತ್ತೆ ಬಡೀರಿ ಅನ್ನೋಕೆ ಬಾಯೇ ಬರ್ಲಿಲ್ಲ ಮೇಡಂ. ನನಗೆ ಸುತ್ತಿಗೆ ಹಿಡಿಯೋಕೆ ಕಲಿಸಿದ್ದೇ ಅವರು,” ಎಂದಳು. ಸ್ವಲ್ಪ ತಡೆದು, “ಅವರಿಗೆ ಕಿವಿ ಕೇಳಿಸಲ್ಲ ಅನ್ನೋದು ಐದೂ ಜಿಲ್ಲೇಲಿ ಎಲ್ಲರಿಗೂ ಗೊತ್ತು,” ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎಲ್ಲರಿಗೂ ಅಂದರೆ ಯಾರ್ಯಾರಿಗೆ ಎಂದು ನಾನು ಬೇಡದ ಪ್ರಶ್ನೆ ಕೇಳಿದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು.

ಅವಳು ಹೇಳುತ್ತ ಹೋದಳು. ಸಭೆಯಲ್ಲಿ ಅವರನ್ನು ಮುಂದಿನ ಕುರ್ಚಿಯಲ್ಲಿ ಕೂರಿಸುತ್ತಾರೆ. ಮಾತಾಡುವವರು ಅವರ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಮಾತಾಡುತ್ತಾರೆ, ಏಕೆಂದರೆ ಅವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ತೊಟ್ಟಿಲಲ್ಲಿ ಜೊತೆಗೆ ಹೋಗುವ ಹಳಬರು ಸದ್ದು ಕೇಳಿ ಕತ್ತು ಆಡಿಸುತ್ತಾರೆ, ಮೇಷ್ಟ್ರು ಅವರ ಕತ್ತು ನೋಡಿ ಕೂಗುತ್ತಾರೆ. ಗುಬ್ಬಿ ಅವರ ಜೊತೆ ಇಳಿದದ್ದು ಅದೇ ಮೊದಲ ಸಲ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯಲೆಂದು ಕಟ್ಟಿದ ಕೂಟ, ಹೀಗೆ ಎಲ್ಲರೂ ಸೇರಿ ಒಬ್ಬರ ಮಾನ ಮುಚ್ಚುವ ಕೂಟವಾಗಿತ್ತು. ಅದರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಎಲ್ಲರೂ ಹಿರಿಯರಿಗೆ ಮರ್ಯಾದೆ ಕೊಟ್ಟಿದ್ದರು, ಅಷ್ಟೇ.

ಕಿವಿ ಮಂದವಾದ ಈ ನಾಲ್ಕು ವರ್ಷದಲ್ಲಿ ಮೇಷ್ಟ್ರು ತಟ್ಟಿದ್ದು ಮೂವತ್ತೆಂಟು ಸೇತುವೆ. ಅವರ ಕಿವಿಯ ಮಾತು ವರದಿಯಲ್ಲಿ ಬಂದರೆ ಉಳಿದ ಮೂವತ್ತೇಳನ್ನೂ ಮತ್ತೆ ತಟ್ಟಬೇಕು. ಬಾರದಿದ್ದರೆ ಗುಬ್ಬಿಯ ಹೆಸರು ಬೀಳುತ್ತದೆ. ನಡುವೆ ಬೇರೆ ದಾರಿಯಿರಲಿಲ್ಲ.

ಬ್ಯಾಗಿನಲ್ಲಿ ಕಾಗದವಿತ್ತು, ಪೆನ್ನಿತ್ತು. ಅಲ್ಲೇ, ಆ ಕಂಬದ ಬುಡದಲ್ಲೇ ಅವಳ ಹೇಳಿಕೆ ಬರೆಸಿಕೊಳ್ಳಬೇಕಾಗಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರವೇ ನಮಗೆ ಕಲಿಸುವ ಪಾಠ ಅದು. ನಾನು ಮಾತ್ರ, ನಾಲ್ಕು ಗಂಟೆಗೆ ಆಫೀಸಿಗೆ ಬಂದು ಬರೆದುಕೊಡು ಎಂದೆ.

ಮೊದಲು ಮಾವನನ್ನು ನೋಡಬೇಕಿತ್ತು. ಅದನ್ನು ಅವಳಿಗೆ ಹೇಳಲಿಲ್ಲ.

“ಮೇಷ್ಟ್ರಿಗೆ ಏನಾಗುತ್ತೆ ಮೇಡಂ?” ಎಂದು ಕೇಳಿದಳು.

ಗೊತ್ತಿಲ್ಲ ಎಂದೆ. ತನ್ನ ಬಗ್ಗೆ ಅವಳು ಕೇಳಲೇ ಇಲ್ಲ. ನಾನೇ, ನಿಜ ಹೇಳಿದರೆ ನಿನಗೇನೂ ಆಗುವುದಿಲ್ಲ ಎಂದು ಧೈರ್ಯ ತುಂಬಿದೆ. ಆ ಧೈರ್ಯ ನನ್ನ ಹತ್ತಿರವೇ ಇರಲಿಲ್ಲ, ಕೊಟ್ಟದ್ದು ಎಲ್ಲಿಂದಲೋ.

*

ಧೈರ್ಯ ಸಾಲದೆ ತಡಮಾಡಿ, ಮೂರೂವರೆ ದಾಟಿದ ಮೇಲೆ ಹೋದಾಗ ಮಾವನ ಮನೆಯ ಬಾಗಿಲು ತೆರೆದೇ ಇತ್ತು. ಅಡುಗೆಮನೆಯಲ್ಲಿ ಅತ್ತೆಯ ಮಿಕ್ಸಿ ಗರಗರ ಎನ್ನುತ್ತಿತ್ತು. ಮಾವ ಹಜಾರದಲ್ಲಿ, ಕಿಟಕಿಯ ಬೆಳಕಿಗೆ ಮುಖ ಮಾಡಿ, ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದರು. ಮಡಿಲಲ್ಲಿ ಸುತ್ತಿಗೆ. ಸಡಿಲವಾದ ಹಿಡಿಗೆ ಮರದ ಸಣ್ಣ ಬೆಣೆ ತುರುಕುತ್ತಿದ್ದರು.

ಮಿಕ್ಸಿ ನಿಂತಿತು. ಮನೆ ನಿಶ್ಶಬ್ದವಾಯಿತು.

ನಾನು ಅವರ ಹಿಂದೆ ಮೂರು ಹೆಜ್ಜೆ ದೂರದಲ್ಲಿ ನಿಂತೆ. ಚಪ್ಪಲಿ ಬಿಡುವಾಗ ಬೇಕೆಂದೇ ಸದ್ದು ಮಾಡಿದೆ. ಅವರು ತಿರುಗಲಿಲ್ಲ. “ಮಾವ,” ಎಂದೆ. ಬೆಣೆಯ ತುದಿಯನ್ನು ಉಗುರಿನಿಂದ ಸವರಿ ನೋಡುತ್ತಿದ್ದರು. ಇನ್ನೂ ಗಟ್ಟಿಯಾಗಿ, “ಮಾವ, ನಿಮ್ಮಿಂದ ಒಬ್ಬನ ಕಾಲು ಹೋಯ್ತು,” ಎಂದೆ.

ಅವರ ಕತ್ತಿನ ಮೇಲೆ ತೆರೆದ ಬಾಗಿಲಿನ ಬಿಸಿಲು ಬಿದ್ದಿತ್ತು. ಆ ಕತ್ತಿನ ಮೇಲೆ ಕೂತು ನಾನು ಎಷ್ಟೋ ಸೇತುವೆ ದಾಟಿದ್ದೆ. ಅಪ್ಪ ನಮ್ಮನ್ನು ಬಿಟ್ಟು ಹೋದಾಗ ನನಗೆ ಐದು ವರ್ಷ. ಫೀಸು ಕಟ್ಟಿದ್ದು, ಸೈಕಲ್ ಕಲಿಸಿದ್ದು, ಈ ಕೆಲಸದ ಅರ್ಜಿಗೆ ಕೂತು ತಿದ್ದಿದ್ದು ಎಲ್ಲ ಇವರೇ. ಎದುರಿಗಿದ್ದರೆ ನನ್ನ ಬಾಯಿಂದ ಆ ಮಾತು ಹೊರಡುತ್ತಿರಲಿಲ್ಲ. ಬೆನ್ನಿಗೆ ಹೇಳಿದೆ. ಹೇಳಿದ ಮೇಲೆ, ಕುರುಡರ ಮುಂದೆ ನಾಲಗೆ ಚಾಚಿದವಳ ಹಾಗೆ ನಾಚಿಕೆಯಾಯಿತು.

ನನ್ನ ನೆರಳು ಅವರ ಕೈ ಮೇಲೆ ಬಿದ್ದಾಗ ತಿರುಗಿದರು. ಮುಖ ಅರಳಿತು.

“ಯಾವಾಗ ಬಂದೆ ಮರಿ? ಕೂಗಬಾರದಾ?”

ಅತ್ತೆ ನೀರಿನ ಲೋಟ ತಂದು ಕೈಗಿಟ್ಟು, ನಿಮ್ಮ ಮಾವನಿಗೆ ನನ್ನ ಮಾತೊಂದು ಬಿಟ್ಟು ಬೇರೆಲ್ಲ ಕೇಳುತ್ತೆ ಎಂದು ನಕ್ಕರು. ಮನೆಯಲ್ಲಿ ವರ್ಷಗಟ್ಟಲೆ ಸವೆದ ಜೋಕು ಅದು. ಟಿವಿ ಜೋರಾದಾಗ, ಬಾಗಿಲ ಗಂಟೆ ಹೊಡೆದು ಹೊಡೆದು ನಾವು ಹೊರಗೆ ನಿಂತಾಗ, ಕುಕ್ಕರ್ ಕೂಗಿ ಕೂಗಿ ತಳ ಹತ್ತಿದಾಗ, ಪ್ರತಿ ಸಲವೂ ನಕ್ಕಿದ್ದೆವು. ಅಂದು ನನಗೆ ನಗು ಬರಲಿಲ್ಲ. ಅತ್ತೆ ನನ್ನ ಮುಖ ನೋಡಿ, ಒಲೆಯ ಮೇಲೆ ಏನೋ ಇದೆ ಎಂದು ಒಳಗೆ ಹೋದರು.

ನಾನು ಅವರ ಎದುರಿಗೆ ಸ್ಟೂಲ್ ಎಳೆದುಕೊಂಡು ಕುಳಿತೆ. ತುಟಿ ಕಾಣುವ ಹಾಗೆ, ನಿಧಾನವಾಗಿ ಕೇಳಿದೆ. “ಎಷ್ಟು ವರ್ಷ ಆಯ್ತು ಮಾವ?”

ಏನಕ್ಕೆ ಎಂದು ಅವರು ಕೇಳಲಿಲ್ಲ. ಸುತ್ತಿಗೆಯನ್ನು ನೆಲಕ್ಕಿಟ್ಟರು.

“ನಾಲ್ಕು. ಮೊದಲು ಎಡಗಿವಿ. ಆಮೇಲೆ ಇದೂ.”

ಮತ್ತೆ ಸುತ್ತಿಗೆ ಹೇಗೆ ಹಿಡಿದಿರಿ ಎಂದು ಕೇಳಿದೆ. ಅವರು ಎಡಗೈ ಅಂಗೈ ತೋರಿಸಿದರು. ಕಿವಿ ಹೋದ ಮೇಲೆ ಅದನ್ನು ಕಾಂಕ್ರೀಟಿನ ಮೇಲಿಟ್ಟು, ಪಕ್ಕದಲ್ಲಿ ಬಡಿದು, ನಡುಕದಿಂದ ತಿಳಿದುಕೊಳ್ಳಲು ಕಲಿತರಂತೆ. ಗಟ್ಟಿಯಿದ್ದರೆ ನಡುಕ ಒಂದೇ ಸಲ ಬಂದು ನಿಲ್ಲುತ್ತದೆ, ಟೊಳ್ಳಿದ್ದರೆ ಅಂಗೈಯಲ್ಲಿ ಇರುವೆ ಹರಿದಂತಾಗುತ್ತದೆ. ಕಿವಿಗಿಂತ ಕೈಯೇ ವಾಸಿ ಎಂದು ಎಷ್ಟೋ ದಿನ ಅನ್ನಿಸಿತ್ತಂತೆ. ಜೊತೆಗಿದ್ದವರು ಕತ್ತು ಆಡಿಸುತ್ತಿದ್ದುದು ಗೊತ್ತಿತ್ತು. ಅದು ತಮಗೆ ಬೇಕಿರಲಿಲ್ಲ, ಆದರೆ ಬೇಡ ಎಂದರೆ ಕಿವಿಯ ಮಾತು ಎತ್ತಬೇಕಾಗುತ್ತಿತ್ತು. ಹಾಗಾಗಿ ಅವರೂ ಸುಮ್ಮನಿದ್ದರು, ಇವರೂ ಸುಮ್ಮನಿದ್ದರು.

“ಹಾಗಾದ್ರೆ ಈ ಸೇತುವೆ?”

ಮಾವ ಅಂಗೈಯನ್ನು ತಾವೇ ನೋಡಿಕೊಂಡರು. ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಹಳೆಯ ಗಾಯದ ಗೆರೆಯಿತ್ತು.

“ಹಿಂದಿನ ದಿನ ಕೈ ಕೊಯ್ದುಕೊಂಡಿದ್ದೆ. ದಪ್ಪಗೆ ಬ್ಯಾಂಡೇಜು. ಏನೂ ಗೊತ್ತಾಗ್ತಿರಲಿಲ್ಲ ಮರಿ. ಒಂದು ಗೋಡೆ ಮುಟ್ಟಿದ್ರೂ ಹತ್ತಿ ಮುಟ್ಟಿದ ಹಾಗೆ.”

“ಬೇರೆ ದಿನ ಬರ್ತೀನಿ ಅನ್ನಬಹುದಿತ್ತಲ್ಲ?”

ಅನ್ನಬಹುದಿತ್ತು. ಆದರೆ ಹನ್ನೆರಡು ಗಂಟೆಗೆ ತೊಟ್ಟಿಲು ಪಕ್ಕದ ಜಿಲ್ಲೆಗೆ ಹೊರಡಬೇಕಿತ್ತು. ಒಂದು ದಿನ ತಪ್ಪಿದರೆ ಐದು ಜಿಲ್ಲೆಯ ಪಟ್ಟಿಯೂ ಏರುಪೇರು, ಮತ್ತೆ ಮೂರು ತಿಂಗಳು ಕಾಯಬೇಕು. ಡ್ರೈವರು ಮೇಲಿನಿಂದ ಹಾರ್ನ್ ಹೊಡೆಯುತ್ತಿದ್ದುದು ಮಾವನಿಗೆ ಕೇಳಿಸಲಿಲ್ಲ, ಗುಬ್ಬಿ ಮೇಲೆ ನೋಡಿದ್ದು ಕಂಡಿತು. ಅವಳಿಗೆ ಕತ್ತು ಆಡಿಸುವುದೂ ಗೊತ್ತಿರಲಿಲ್ಲ. ಹೊಸ ಹುಡುಗಿಯ ಮುಂದೆ, ನನಗೆ ತಿಳಿಯುತ್ತಿಲ್ಲ ಎನ್ನುವುದಕ್ಕೆ ಮಾವನಿಗೆ ನಾಲಗೆ ಹೊರಳಲಿಲ್ಲ. ಒಂದಾದ ಮೇಲೊಂದು ತೊಲೆಗೆ ಗಟ್ಟಿ, ಗಟ್ಟಿ, ಗಟ್ಟಿ ಎನ್ನುತ್ತ ಹೋದರು.

“ದಿನಾ ಆಸ್ಪತ್ರೆಗೆ ಹೋಗಿ ಬರ್ತಿದ್ದೀನಿ. ಅವನಿಗೆ ನಾನು ಯಾರು ಅಂತ ಗೊತ್ತಿಲ್ಲ,” ಎಂದರು ಮಾವ. “ಮೊಣಕಾಲ ಕೆಳಗೆ ತೆಗೆದುಬಿಟ್ಟಿದ್ದಾರೆ. ಮಳೆ ಬರಲಿ ಬಿಸಿಲು ಬರಲಿ, ಸೇತುವೆ ಅಡಿ ಇದ್ರೆ ಭಯ ಇಲ್ಲ ಅಂತ ಅಲ್ಲಿ ಅಂಗಡಿ ಇಟ್ಟೆ ಅಂದ. ನಾನು ಬಾಳೆಹಣ್ಣು ಸುಲಿದು ಕೊಡ್ತಾ ಕೂತಿದ್ದೆ. ಥೂ, ಎಂಥ ಬಾಳು ನಂದು.”

ಅವರ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸಿಟ್ಟು ಬರಬೇಕಾದ ಜಾಗದಲ್ಲಿ ನಾನೇ ಕೂತಿದ್ದ ದವಾಖಾನೆಯ ಕೋಣೆ ಕಂಡಿತು.

ತೊಟ್ಟಿಲಿಗೆ ಇಳಿಯುವವರಿಗೆ ವರ್ಷಕ್ಕೊಮ್ಮೆ ಇಲಾಖೆಯ ದವಾಖಾನೆಯಲ್ಲಿ ಪರೀಕ್ಷೆ. ಕಣ್ಣು, ರಕ್ತದೊತ್ತಡ, ಕಿವಿ. ಕಿವಿಯ ಪರೀಕ್ಷೆ ಎಂದರೆ ಡಾಕ್ಟರು ಬೆನ್ನ ಹಿಂದೆ ನಿಂತು ಮೆಲ್ಲಗೆ ಅಂಕಿ ಹೇಳುವುದು, ಕೂತವರು ಅದನ್ನೇ ಮತ್ತೆ ಹೇಳುವುದು. ವಯಸ್ಸಾದವರ ಜೊತೆ ಮನೆಯವರೊಬ್ಬರು ಬರಬೇಕು. ಮಾವನ ಜೊತೆ ಹೋಗುತ್ತಿದ್ದವಳು ನಾನು. ಕೂರುತ್ತಿದ್ದುದು ಅವರ ಎದುರಿನ ಸ್ಟೂಲಿನ ಮೇಲೆ.

ಮೊದಲ ವರ್ಷ ಅವರು ನಲವತ್ತೇಳಕ್ಕೆ ತಡವರಿಸಿದಾಗ, ಕ್ಲಾಸಿನಲ್ಲಿ ಪಕ್ಕದ ಹುಡುಗಿಗೆ ಹೇಳಿಕೊಡುವ ಹಾಗೆ ತಮಾಷೆಗೆ ಬಾಯಿ ಆಡಿಸಿದೆ. ಮಾವ ನಲವತ್ತೇಳು ಎಂದರು. ಇಬ್ಬರೂ ನಗು ತಡೆದುಕೊಂಡೆವು. ಎರಡನೆಯ ವರ್ಷ ಅವರು ಕೂತ ಕೂಡಲೇ ನನ್ನ ಬಾಯಿಯನ್ನೇ ನೋಡುತ್ತಿದ್ದರು, ನಾನೂ ಆಡಿಸಿದೆ. ಮೂರನೆಯ ವರ್ಷ ಅದು ತಮಾಷೆಯಾಗಿರಲಿಲ್ಲ. ಹತ್ತಕ್ಕೆ ಹತ್ತನ್ನೂ ನಾನೇ ಹೇಳಿದೆ. ‘ಕಿವಿ ಸರಿಯಾಗಿದೆ’ ಎಂದು ಡಾಕ್ಟರು ಬರೆದ ಕಾಗದವನ್ನು ನಾನೇ ಮಡಚಿ ಅವರ ಜೇಬಿನಲ್ಲಿಟ್ಟೆ. ಬಾಯಲ್ಲಿ ಹೇಳಿಕೊಳ್ಳಲಿಲ್ಲ, ಅಷ್ಟೇ, ನನಗೆ ಗೊತ್ತಿತ್ತು. ಸುತ್ತಿಗೆ ಕಿತ್ತುಕೊಂಡರೆ ಇವರು ಉಳಿಯುವುದಿಲ್ಲ ಎಂದು ಕರುಣೆಯ ಹೆಸರಲ್ಲಿ ಮುಚ್ಚಿಟ್ಟೆ.

ಐದು ಜಿಲ್ಲೆಯ ಎಂಜಿನಿಯರುಗಳನ್ನು ಬೆಳಿಗ್ಗೆಯಿಂದ ಮನಸ್ಸಿನಲ್ಲೇ ಬೈದುಕೊಂಡು ಬಂದಿದ್ದೆ. ಅವರೆಲ್ಲ ಬರೀ ಕತ್ತು ಆಡಿಸಿದವರು. ಬೇಲಿಯೇ ಎದ್ದು ಹೊಲ ಮೇಯ್ದದ್ದು ದವಾಖಾನೆಯಲ್ಲಿ.

“ಅಂಕಿ ಹೇಳಿಕೊಟ್ಟಿದ್ದು ನಾನು ಮಾವ,” ಎಂದೆ.

“ಕೇಳಿದ್ದು ನಾನು,” ಎಂದರು. “ನಿನ್ನ ಹೆಸರು ಇದರಲ್ಲಿ ಬರಬಾರದು. ಆ ಮಗೂದೂ ಬರಬಾರದು. ನಾನು ಬಂದು ಬರೆದುಕೊಡ್ತೀನಿ.”

ಉಳಿದ ಮೂವತ್ತೇಳರ ಕಥೆಯೇನು ಎಂದು ಕೇಳಿದೆ. ಅವು ಅಂಗೈ ಸರಿಯಿದ್ದಾಗ ತಟ್ಟಿದ್ದು, ನಿಮ್ಮ ಮಾತು ನಂಬಬಹುದಲ್ಲ ಎಂದೆ. ನಂಬಿ ಎಂದು ಅವರು ಹೇಳಲಿ ಎಂಬ ಆಸೆ ನನಗೆ.

“ಪ್ರಮಾಣ ಮಾಡಲ್ಲ. ಎಲ್ಲಾನೂ ಮತ್ತೆ ಬಡೀಲಿ, ಕಿವಿ ಇರೋರು,” ಎಂದು ಎದ್ದು ಶರ್ಟು ಹಾಕಿಕೊಳ್ಳಲು ಒಳಗೆ ಹೋದರು.

*

ನಾಲ್ಕೂವರೆ ದಾಟಿತ್ತು. ನಾಲ್ಕಕ್ಕೆ ಆಫೀಸಿಗೆ ಬರಬೇಕಿದ್ದ ಗುಬ್ಬಿಯ ನೆನಪಾಗಿ ಫೋನ್ ತೆಗೆದೆ. ಆಗಲೇ ಸಾಹೇಬರ ಕರೆ ಬಂತು. ಮಾವ ಶರ್ಟಿನ ಗುಂಡಿ ಹಾಕುತ್ತ ಬಾಗಿಲಲ್ಲಿ ನಿಂತಿದ್ದರು.

ಸಾಹೇಬರದು ಯಾವಾಗಲೂ ಮೆತ್ತಗಿನ ದನಿ. ಬೈಯುವಾಗಲೂ ಆರೋಗ್ಯ ವಿಚಾರಿಸುವವರ ಹಾಗೆ ಮಾತಾಡುತ್ತಾರೆ.

“ವರದಿ ಬರೆಯೋ ತೊಂದರೆ ನಿಮಗೆ ಇಲ್ಲ ಅಮ್ಮಾ. ಆ ಹುಡುಗಿ ಮೂರೂವರೆಗೇ ಬಂದು ಬರೆದು ಕೊಟ್ಟಳು.”

ಓದಿ ಹೇಳಿದರು. ‘ಮೇಷ್ಟ್ರು ಟೊಳ್ಳು ಎಂದು ಸರಿಯಾಗಿಯೇ ಕೂಗಿ ಹೇಳಿದರು. ಗುರುತನ್ನೂ ನಾನೇ ಹಾಕಿದೆ. ಹಾಳೆಯಲ್ಲಿ ಗಟ್ಟಿ ಎಂದು ಬರೆದ ತಪ್ಪು ನನ್ನದೊಬ್ಬಳದೇ.’

ಬೆಳಿಗ್ಗೆ ನಾನು ಬರೆಸಿಕೊಳ್ಳದೆ ಬಿಟ್ಟ ಹೇಳಿಕೆ, ಸಂಜೆಯೊಳಗೆ ತಲೆಕೆಳಗಾಗಿ ಹೋಗಿ ಕುಳಿತಿತ್ತು. ಮೇಷ್ಟ್ರಿಗೆ ಏನಾಗುತ್ತೆ ಎಂದು ಅವಳು ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು.

“ಅದು ಸುಳ್ಳು ಸರ್.”

“ಇರಬಹುದು. ಆದ್ರೆ ಬರಹದಲ್ಲಿ ಇದೆ.”

ಅವರು ಬಿಡಿಸಿ ಹೇಳಿದರು. ತಪ್ಪಿದ್ದು ಪೆನ್ನು ಎಂದಾದರೆ ಸುತ್ತಿಗೆ ಸರಿಯಿತ್ತು ಎಂದಾಯಿತು. ಸುತ್ತಿಗೆ ಸರಿಯಿದ್ದರೆ ಉಳಿದ ಮೂವತ್ತೇಳು ಸೇತುವೆಗಳನ್ನು ಮುಟ್ಟುವ ಅಗತ್ಯವಿಲ್ಲ. ಮುಟ್ಟಬೇಕೆಂದರೆ ಒಂದು ತೊಟ್ಟಿಲಿಗೆ ಎರಡು ವರ್ಷ ಬೇಕು, ಅಲ್ಲಿಯವರೆಗೆ ಐದು ಜಿಲ್ಲೆಯ ಬಸ್ಸು ಲಾರಿ ಎಲ್ಲಿ ಓಡಾಡಬೇಕು, ಹದಿನಾಲ್ಕು ವರ್ಷ ಕಟ್ಟಿದ ಕೂಟ ಒಂದೇ ದಿನದಲ್ಲಿ ಒಡೆದು ಹೋಗಲ್ಲವೇ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಲೆಕ್ಕದಲ್ಲಿ ಗುಬ್ಬಿ ಎಲ್ಲೂ ಬರುತ್ತಿರಲಿಲ್ಲ.

ಹನ್ನೊಂದು ದಿನ ಗಂಟಲಲ್ಲಿದ್ದದ್ದನ್ನು ಕೊನೆಗೂ ಹೊರಗೆ ಹಾಕಿದೆ. “ಸರ್, ಅವರು ನನ್ನ ಸೋದರಮಾವ. ಮೊದಲೇ ಹೇಳಬೇಕಿತ್ತು.”

“ಗೊತ್ತು. ಅದಕ್ಕೇ ಈ ಕೇಸು ನಿಮಗೆ ಕೊಟ್ಟಿದ್ದು.”

ನಾನು ಚುರುಕು, ನಾನು ನಿಷ್ಠುರ, ಅದಕ್ಕೇ ನನ್ನನ್ನು ಆರಿಸಿದರು ಎಂದು ಹನ್ನೊಂದು ದಿನ ಒಳಗೊಳಗೇ ಬೀಗಿದ್ದೆ. ಅವರು ಆರಿಸಿದ್ದು ಬಾಯಿ ಬಿಡಲಾಗದವಳನ್ನು.

“ದವಾಖಾನೆ ರಿಜಿಸ್ಟರು ನನ್ನ ಮೇಜಿನ ಮೇಲಿದೆ,” ಎಂದರು ಸಾಹೇಬರು, ಅದೇ ಮೆತ್ತಗಿನ ದನಿಯಲ್ಲಿ. “ಜೊತೆಗೆ ಬಂದವರ ಸಹಿ ಮೂರು ವರ್ಷವೂ ಒಂದೇ. ನೀವು ಯಾವ ಸ್ಟೂಲ್ ಮೇಲೆ ಕೂರ್ತಿದ್ರಿ ಅನ್ನೋದೂ ಡಾಕ್ಟರಿಗೆ ನೆನಪಿದೆ. ಅದನ್ನೆಲ್ಲ ಈಗ ಯಾಕೆ ಎತ್ತಬೇಕು ಹೇಳಿ?”

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದೆ.

ಐದು ಗಂಟೆಗೆ ಪೊಲೀಸ್ ಜೀಪು ಬರುತ್ತದೆ, ಹುಡುಗಿ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ, ತನ್ನಮ್ಮನಿಗೆ ಫೋನ್ ಮಾಡಲೇ ಎಂದು ಕೇಳಿದಳು, ಮಾಡಮ್ಮಾ ಅಂದಿದ್ದೇನೆ ಎಂದರು ಸಾಹೇಬರು. ವರದಿಗೆ ನನ್ನ ಸಹಿ ನಾಳೆ ಬೆಳಿಗ್ಗೆ ಬಿದ್ದರೂ ನಡೆಯುತ್ತದಂತೆ. ಆಗಬಹುದಲ್ಲವೇ ಎಂದು ಕೇಳಿದರು.

ಆ ಒಂದು ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬರಬೇಕಾದದ್ದು ಬೆಂಚಿನ ಮೇಲೆ ಕೂತ ಗುಬ್ಬಿ, ಆಸ್ಪತ್ರೆಯಲ್ಲಿ ಮಲಗಿದ ಸೈಕಲ್‌ನವನು. ಬಂದದ್ದು ನನ್ನ ಸಹಿ ಇದ್ದ ರಿಜಿಸ್ಟರಿನ ಪುಟ, ನನ್ನ ಕೆಲಸ, ಆಫೀಸಿನಲ್ಲಿ ನನ್ನನ್ನು ನೋಡಿ ಪಿಸುಗುಟ್ಟುವ ಮುಖಗಳು. ಹೇಳುವುದಕ್ಕೇ ಹೇಸಿಗೆಯಾಗುತ್ತದೆ, ಆದರೂ ಇದ್ದದ್ದು ಅದೇ.

“ಆಗಲಿ ಸರ್,” ಎಂದೆ.

ಫೋನ್ ಮಡಿಲಿಗೆ ಬಿತ್ತು. ಗಡಿಯಾರದಲ್ಲಿ ಐದಕ್ಕೆ ಹದಿಮೂರು ನಿಮಿಷವಿತ್ತು. ಸ್ಕೂಟರಿನಲ್ಲಿ ಆಫೀಸಿಗೆ ಹತ್ತು ನಿಮಿಷದ ದಾರಿ. ಮಾವ ಶರ್ಟನ್ನು ಕತ್ತಿನವರೆಗೂ ಗುಂಡಿ ಹಾಕಿ, ಬೂಟು ಕಟ್ಟಿ, ಹೊರಡುವುದಕ್ಕೆ ಸಿದ್ಧರಾಗಿದ್ದರು. ಅವರಿಗೆ ಸಾಹೇಬರ ಒಂದು ಮಾತೂ ಕೇಳಿಸಿರಲಿಲ್ಲ.

ನನ್ನದು ಮಾತ್ರ ಕಂಡಿತ್ತು. ಅಷ್ಟು ಹೊತ್ತೂ ಅವರು ನನ್ನ ಬಾಯಿಯನ್ನೇ ನೋಡುತ್ತಿದ್ದರು.

“ಆಗಲಿ ಅಂದೆಯಲ್ಲ ಮರಿ,” ಎಂದರು ಮಾವ. “ಏನಾಗಲಿ ಅಂದೆ?”